ಸಣ್ಣ ಸರಕು ವಾಹನಗಳಿಗೆ ಹಗುರ ಫ್ಲಾಟ್‌ಬೆಡ್ ಬಾಡಿ ನಿರ್ಮಾಣ: ನೋಂದಣಿಗೆ ಅರ್ಜಿ ಸಲ್ಲಿಸುವವರಿಗೆ ಮಾಹಿತಿ

1. ಪೀಠಿಕೆ

2005ರಲ್ಲಿ ಟಾಟಾ ಏಸ್ ಮಾರುಕಟ್ಟೆಗೆ ಬಂದ ನಂತರ ಸಣ್ಣ ಪಿಕಪ್ ವಾಹನಗಳು ರೈತರು, ಸಣ್ಣ ವ್ಯಾಪಾರಿಗಳು ಹಾಗೂ ಸ್ವಯಂ ಉದ್ಯೋಗಿಗಳ ಜೀವನೋಪಾಯದ ಸಾಧನಗಳಾಗಿವೆ. ಇಂತಹ ವಾಹನವನ್ನು ಕಂಪನಿಯ ಸಿದ್ಧ ಬಾಡಿಯೊಂದಿಗೆ ಕೊಳ್ಳಬಹುದು. ಕೆಲವು ಮಾದರಿಗಳನ್ನು ಕ್ಯಾಬಿನ್ ಮತ್ತು ಚಾಸಿಸ್ ಮಾತ್ರ ಇರುವ ರೂಪದಲ್ಲಿ ಕೊಂಡು, ತಮ್ಮ ಸರಕಿಗೆ ಹೊಂದುವ ಬಾಡಿಯನ್ನು ಪ್ರತ್ಯೇಕವಾಗಿ ಕಟ್ಟಿಸಿಕೊಳ್ಳಲೂ ಅವಕಾಶವಿದೆ. ಪೈಪು, ಕಬ್ಬಿಣದ ಸರಳು, ಕಲ್ಲುಚಪ್ಪಡಿ, ಪವರ್ ಟಿಲ್ಲರ್, ತರಕಾರಿ ಕ್ರೇಟುಗಳಂತಹ ಸರಕನ್ನು ಮೂರು ಕಡೆಯಿಂದಲೂ ಏರಿಸಿ ಇಳಿಸಲು ಪಕ್ಕದ ಗೋಡೆಗಳಿಲ್ಲದ ಸಮತಟ್ಟಾದ ಬಾಡಿ, ಅಂದರೆ ರೂಢಿಯಲ್ಲಿ ಫ್ಲಾಟ್‌ಬೆಡ್ ಎಂದು ಕರೆಯಲಾಗುವ ಬಾಡಿ, ಅನುಕೂಲಕರವಾಗಿರುತ್ತದೆ.

ಆದರೆ ಬಾಡಿಯ ತೂಕ, ಅಳತೆ ಹಾಗೂ ಜೋಡಣೆಯ ಬಗ್ಗೆ ಮೊದಲೇ ವಿಚಾರಿಸದೆ ಕಟ್ಟಿಸಿದಲ್ಲಿ, ಸಾಲ ಮಾಡಿ ಕೊಂಡ ವಾಹನವು ನೋಂದಣಿಯಾಗದೆ ನಿಲ್ಲುವ ಸಂಭವವಿದೆ. ನೋಂದಣಿಯಾದರೂ ಪ್ರತಿ ಬಾಡಿಗೆಯಲ್ಲಿಯೂ ಮಾಲೀಕರಿಗೆ ನಷ್ಟವುಂಟುಮಾಡಬಹುದು. ಆದ್ದರಿಂದ ಬಾಡಿ ನಿರ್ಮಾಣಕ್ಕೆ ಮುಂಗಡ ಹಣ ನೀಡುವ ಮುನ್ನವೇ ಅರ್ಜಿದಾರರು ತಿಳಿದಿರಬೇಕಾದ ಅಂಶಗಳನ್ನು ಈ ಕೆಳಗೆ ವಿವರಿಸಲಾಗಿದೆ.

2. ಬಾಡಿ ಹಗುರವಾಗಿರಬೇಕು ಏಕೆ?

ಮೋಟಾರು ವಾಹನ ಕಾಯ್ದೆ, 1988ರ ಪ್ರಕಾರ 'ಒಟ್ಟು ವಾಹನ ತೂಕ' ಎಂದರೆ ವಾಹನದ ತೂಕ ಮತ್ತು ಅದರ ಮೇಲಿನ ಹೊರೆ ಸೇರಿ, ನೋಂದಣಿ ಪ್ರಾಧಿಕಾರವು ಅನುಮತಿಸಿ ನೋಂದಾಯಿಸಿದ ಗರಿಷ್ಠ ತೂಕ. 'ಖಾಲಿ ತೂಕ' ಎಂದರೆ ಚಾಲಕ ಹಾಗೂ ಸಹಾಯಕರನ್ನು ಬಿಟ್ಟು, ವಾಹನದಲ್ಲಿ ಸಾಮಾನ್ಯವಾಗಿ ಇರುವ ಸಲಕರಣೆಗಳನ್ನು ಸೇರಿಸಿದ ತೂಕ. ಬಾಡಿಯ ತೂಕವು ಖಾಲಿ ತೂಕದಲ್ಲಿ ಸೇರುತ್ತದೆ.

ಒಟ್ಟು ವಾಹನ ತೂಕದ ಮಿತಿಯು ಆಕ್ಸಲ್, ಟೈರು, ಬ್ರೇಕ್, ಸ್ಪ್ರಿಂಗ್ ಮತ್ತು ಚಾಸಿಸ್‌ಗಳ ಸಾಮರ್ಥ್ಯವನ್ನು ಅವಲಂಬಿಸಿರುತ್ತದೆ. ಬಾಡಿ ಭಾರವಾಯಿತೆಂದು ಈ ಮಿತಿ ಹೆಚ್ಚುವುದಿಲ್ಲ. ಬಾಡಿಗೆ ಸೇರಿದ ಪ್ರತಿಯೊಂದು ಕಿಲೋಗ್ರಾಂ, ಸರಕಿನಿಂದ ಕಳೆದ ಒಂದು ಕಿಲೋಗ್ರಾಂ ಆಗಿರುತ್ತದೆ.

ಉದಾಹರಣೆಗಾಗಿ, ಒಟ್ಟು ವಾಹನ ತೂಕ 1,600 ಕಿ.ಗ್ರಾಂ. ಹಾಗೂ ಬಾಡಿ ಇಲ್ಲದ ಕ್ಯಾಬಿನ್-ಚಾಸಿಸ್ ತೂಕ 720 ಕಿ.ಗ್ರಾಂ. ಇರುವ ಒಂದು ವಾಹನವನ್ನು ಪರಿಗಣಿಸಬಹುದು. ಚಾಲಕ ಮತ್ತು ಸಹಾಯಕ ಇಬ್ಬರಿಗೆ 150 ಕಿ.ಗ್ರಾಂ. ಲೆಕ್ಕ ಹಿಡಿಯಲಾಗಿದೆ.

(ಅ) ಭಾರವಾದ ಬಾಡಿ, 260 ಕಿ.ಗ್ರಾಂ.: ಖಾಲಿ ತೂಕ 980 ಕಿ.ಗ್ರಾಂ.; ಸರಕಿಗೆ ಉಳಿಯುವುದು 470 ಕಿ.ಗ್ರಾಂ.
(ಆ) ಹಗುರವಾದ ಬಾಡಿ, 135 ಕಿ.ಗ್ರಾಂ.: ಖಾಲಿ ತೂಕ 855 ಕಿ.ಗ್ರಾಂ.; ಸರಕಿಗೆ ಉಳಿಯುವುದು 595 ಕಿ.ಗ್ರಾಂ.

ವ್ಯತ್ಯಾಸ 125 ಕಿ.ಗ್ರಾಂ., ಅಂದರೆ 50 ಕಿ.ಗ್ರಾಂ. ತೂಕದ ಎರಡೂವರೆ ಚೀಲ. ವರ್ಷಕ್ಕೆ 300 ಬಾರಿ ಪೂರ್ಣ ಹೊರೆಯೊಂದಿಗೆ ಸಂಚರಿಸುವ ವಾಹನದಲ್ಲಿ ಇದು 37.5 ಟನ್ ಆಗುತ್ತದೆ. ಭಾರವಾದ ಬಾಡಿಯ ಮಾಲೀಕರು ಈ ಸರಕನ್ನು ಬಿಟ್ಟುಕೊಡಬೇಕು, ಇಲ್ಲವೇ ಮಿತಿ ಮೀರಿ ಹೇರಬೇಕು. ಎರಡನೆಯದು ಕಲಂ 113ರ ಉಲ್ಲಂಘನೆಯಾಗುತ್ತದೆ. 2019ರ ತಿದ್ದುಪಡಿಯ ನಂತರ ಕಲಂ 194ರಲ್ಲಿ ಅಧಿಕ ಹೊರೆಗೆ ರೂ. 20,000/- ಹಾಗೂ ಹೆಚ್ಚುವರಿ ಪ್ರತಿ ಟನ್‌ಗೆ ರೂ. 2,000/- ದಂಡವನ್ನು ನಿಗದಿಪಡಿಸಲಾಗಿದ್ದು, ಹೆಚ್ಚುವರಿ ಸರಕನ್ನು ಇಳಿಸುವ ವೆಚ್ಚವನ್ನೂ ಭರಿಸಬೇಕಾಗುತ್ತದೆ. ಮಿತಿಯೊಳಗೆ ಇದ್ದುಕೊಂಡೇ ಹೆಚ್ಚು ಸರಕು ಸಾಗಿಸಲು ಬಾಡಿಯನ್ನು ಹಗುರಗೊಳಿಸುವುದೇ ಸರಿಯಾದ ಮಾರ್ಗವಾಗಿದೆ.

3. ಹಾಸಿನ ಸಾಮಗ್ರಿಯ ಆಯ್ಕೆ

2.2 ಮೀಟರ್ ಉದ್ದ ಮತ್ತು 1.5 ಮೀಟರ್ ಅಗಲದ ಹಾಸಿನ ವಿಸ್ತೀರ್ಣ 3.3 ಚದರ ಮೀಟರ್. ಈ ವಿಸ್ತೀರ್ಣಕ್ಕೆ ವಿವಿಧ ಸಾಮಗ್ರಿಗಳ ಅಂದಾಜು ತೂಕ ಈ ಕೆಳಕಂಡಂತಿದೆ:

- 3 ಮಿ.ಮೀ. ಉಕ್ಕಿನ ತಗಡು: 78 ಕಿ.ಗ್ರಾಂ.
- 1.6 ಮಿ.ಮೀ. ಉಕ್ಕಿನ ತಗಡು: 41 ಕಿ.ಗ್ರಾಂ.
- 12 ಮಿ.ಮೀ. ಪ್ಲೈವುಡ್: 28 ಕಿ.ಗ್ರಾಂ.
- 3 ಮಿ.ಮೀ. ಅಲ್ಯೂಮಿನಿಯಂ ತಗಡು: 27 ಕಿ.ಗ್ರಾಂ.

ತೂಕವೊಂದನ್ನೇ ನೋಡಿ ಆಯ್ಕೆ ಮಾಡುವುದು ಸೂಕ್ತವಲ್ಲ. ಕಲ್ಲು, ಇಟ್ಟಿಗೆ, ಕಬ್ಬಿಣದ ಸಾಮಾನುಗಳು ತೆಳು ತಗಡನ್ನು ಬೇಗನೆ ನೆಗ್ಗಿಸುತ್ತವೆ. ಅಂತಹ ಸರಕಿಗೆ ಉಕ್ಕಿನ ಹಾಸೇ ಲೇಸು. ತರಕಾರಿ, ತೆಂಗಿನಕಾಯಿ, ಚೀಲದ ಸರಕುಗಳಿಗೆ ಪ್ಲೈವುಡ್ ಸಾಕಾಗುತ್ತದೆ. ಪ್ಲೈವುಡ್ ಬಳಸುವುದಾದರೆ ಭಾರತೀಯ ಮಾನಕ ಐ.ಎಸ್. 710ಕ್ಕೆ ಅನುಗುಣವಾದ ಮರೈನ್ ದರ್ಜೆಯದನ್ನೇ ಆರಿಸಿ, ಕತ್ತರಿಸಿದ ಅಂಚುಗಳಿಗೆ ಬಣ್ಣ ಅಥವಾ ಎಪಾಕ್ಸಿ ಲೇಪಿಸತಕ್ಕದ್ದು. ಮಲೆನಾಡು ಮತ್ತು ಕರಾವಳಿಯ ಮಳೆಗಾಲದಲ್ಲಿ ಲೇಪನವಿಲ್ಲದ ಮರವು ನೀರು ಹೀರಿ ಭಾರವಾಗುತ್ತದೆ ಹಾಗೂ ಅಂಚಿನಿಂದ ಕೊಳೆಯಲು ಆರಂಭಿಸುತ್ತದೆ.

ಅಲ್ಯೂಮಿನಿಯಂ ತುಕ್ಕು ಹಿಡಿಯುವುದಿಲ್ಲವಾದರೂ ಎರಡು ಎಚ್ಚರಿಕೆಗಳು ಅವಶ್ಯ. ಒಂದನೆಯದಾಗಿ, ಅದನ್ನು ಉಕ್ಕಿಗೆ ನೇರವಾಗಿ ತಾಗಿಸಿ ಜೋಡಿಸಿದಲ್ಲಿ, ಉಪ್ಪು ಅಥವಾ ತೇವ ಇರುವೆಡೆ ಸಂಪರ್ಕದ ಜಾಗದಲ್ಲಿ ಅಲ್ಯೂಮಿನಿಯಂ ಸವೆದುಹೋಗುತ್ತದೆ. ಮೀನು ಸಾಗಿಸುವ ವಾಹನಗಳಲ್ಲಿ ಇದು ಶೀಘ್ರವಾಗಿ ಆಗುತ್ತದೆ. ನಡುವೆ ರಬ್ಬರ್ ಅಥವಾ ನೈಲಾನ್ ಪಟ್ಟಿ ಇಡಬೇಕು. ಎರಡನೆಯದಾಗಿ, ಶಾಖದಿಂದ ಹದಗೊಳಿಸಿದ ಅಲ್ಯೂಮಿನಿಯಂ ಮಿಶ್ರಲೋಹವನ್ನು ವೆಲ್ಡಿಂಗ್ ಮಾಡಿದಾಗ ಬೆಸುಗೆಯ ಸುತ್ತಲಿನ ಭಾಗ ಗಣನೀಯವಾಗಿ ದುರ್ಬಲಗೊಳ್ಳುತ್ತದೆ. ಆದುದರಿಂದ ಹೆಚ್ಚು ಹೊರೆ ಬೀಳುವ ಕೂಡುಸ್ಥಳಗಳನ್ನು ಬೋಲ್ಟ್ ಅಥವಾ ರಿವೆಟ್‌ಗಳಿಂದ ಜೋಡಿಸುವುದು ಉತ್ತಮ.

4. ಹಾಸಿನ ಕೆಳಗಿನ ಚೌಕಟ್ಟು

ಬಾಡಿಯ ಬಲವಿರುವುದು ಹಾಸಿನಲ್ಲಲ್ಲ, ಅದರ ಕೆಳಗಿನ ಚೌಕಟ್ಟಿನಲ್ಲಿ. ಮೇಲೆ ಹೇಳಲಾದ 135 ಕಿ.ಗ್ರಾಂ. ಬಾಡಿಯ ಒಂದು ಮಾದರಿ ವಿವರ ಹೀಗಿದೆ:

- ಉದ್ದ ತೊಲೆ ಎರಡು, 80×40×3 ಮಿ.ಮೀ. ಟೊಳ್ಳು ಉಕ್ಕು: 24 ಕಿ.ಗ್ರಾಂ.
- ಅಡ್ಡ ತೊಲೆ ಏಳು, 50×50×2 ಮಿ.ಮೀ. ಟೊಳ್ಳು ಉಕ್ಕು: 32 ಕಿ.ಗ್ರಾಂ.
- ಸುತ್ತಂಚು, 50×25×2 ಮಿ.ಮೀ. ಟೊಳ್ಳು ಉಕ್ಕು: 16 ಕಿ.ಗ್ರಾಂ.
- ಪ್ಲೈವುಡ್ ಹಾಸು: 28 ಕಿ.ಗ್ರಾಂ.
- ಕ್ಯಾಬಿನ್ ಹಿಂದಿನ ತಡೆಗೋಡೆ: 15 ಕಿ.ಗ್ರಾಂ.
- ಬೋಲ್ಟು, ಬ್ರಾಕೆಟ್, ಮಡ್‌ಗಾರ್ಡ್, ದೀಪ ಇತ್ಯಾದಿ: 20 ಕಿ.ಗ್ರಾಂ.

ಈ ಅಳತೆಗಳು ತೂಕದ ಲೆಕ್ಕವನ್ನು ತಿಳಿಯುವ ಸಲುವಾಗಿ ಮಾತ್ರ. ಪ್ರತಿ ವಾಹನಕ್ಕೆ ಹಾಗೂ ಪ್ರತಿ ಬಗೆಯ ಸರಕಿಗೆ ಬಾಡಿ ನಿರ್ಮಾಪಕರು ಪ್ರತ್ಯೇಕ ವಿನ್ಯಾಸ ಮಾಡಬೇಕಾಗುತ್ತದೆ.

ತೊಲೆಯ ಗೋಡೆಯನ್ನು ದಪ್ಪವಾಗಿಸುವುದಕ್ಕಿಂತ ಅದರ ಎತ್ತರವನ್ನು ಹೆಚ್ಚಿಸುವುದರಿಂದ ಕಡಿಮೆ ತೂಕದಲ್ಲಿ ಹೆಚ್ಚು ಗಡಸುತನ ದೊರೆಯುತ್ತದೆ. ಒಂದೇ ಅಗಲದ ಆಯತಾಕಾರದ ಘನ ಪಟ್ಟಿಯ ಎತ್ತರ ಎರಡು ಪಟ್ಟಾದರೆ ತೂಕ ಎರಡು ಪಟ್ಟಾಗುತ್ತದೆ. ಬಾಗುವಿಕೆಯ ವಿರುದ್ಧದ ಗಡಸುತನ ಎಂಟು ಪಟ್ಟಾಗುತ್ತದೆ. ಉಕ್ಕಿನ ತೊಲೆಯ ಬದಲಿಗೆ ಅದೇ ಅಳತೆಯ ಅಲ್ಯೂಮಿನಿಯಂ ತೊಲೆ ಹಾಕಿದಲ್ಲಿ ಅದು ಸುಮಾರು ಮೂರು ಪಟ್ಟು ಬಾಗುತ್ತದೆ. ಸಾಮಗ್ರಿ ಬದಲಾದರೆ ಅಳತೆಯೂ ಬದಲಾಗಬೇಕೆಂಬುದನ್ನು ಬಾಡಿ ಕಟ್ಟಿಸುವವರು ಗಮನದಲ್ಲಿಡಬೇಕು.

ತಡೆಗೋಡೆಯನ್ನು ತೂಕ ಉಳಿಸುವ ನೆಪದಲ್ಲಿ ಕೈಬಿಡತಕ್ಕದ್ದಲ್ಲ. ಗಟ್ಟಿಯಾಗಿ ಬ್ರೇಕ್ ಹಾಕಿದಾಗ 600 ಕಿ.ಗ್ರಾಂ. ಸರಕು ಸುಮಾರು 450 ಕಿ.ಗ್ರಾಂ. ತೂಕಕ್ಕೆ ಸಮನಾದ ಬಲದಿಂದ ಮುಂದಕ್ಕೆ ನುಗ್ಗಬಹುದು. ಪೈಪು ಅಥವಾ ಸರಳುಗಳಿದ್ದಲ್ಲಿ ಅವುಗಳ ಮತ್ತು ಚಾಲಕನ ಬೆನ್ನಿನ ನಡುವೆ ಇರುವುದು ಈ ಗೋಡೆ ಮತ್ತು ಕ್ಯಾಬಿನ್ನಿನ ತಗಡು ಮಾತ್ರ. ಪಕ್ಕದ ಗೋಡೆಗಳಿಲ್ಲದ ಬಾಡಿಯಾದ್ದರಿಂದ ಹಗ್ಗ ಮತ್ತು ಬೆಲ್ಟ್ ಕಟ್ಟುವ ಕೊಂಡಿಗಳನ್ನು ಹಾಸಿಗೆ ಜೋಡಿಸದೆ, ಚೌಕಟ್ಟಿನ ತೊಲೆಗಳಿಗೇ ಜೋಡಿಸಬೇಕು.

5. ಚಾಸಿಸ್‌ಗೆ ಜೋಡಣೆ

(ಅ) ಚಾಸಿಸ್ ತಯಾರಕರು ನೀಡುವ ಬಾಡಿ ನಿರ್ಮಾಣ ಮಾರ್ಗಸೂಚಿಯಂತೆಯೇ ಜೋಡಣೆ ಮಾಡತಕ್ಕದ್ದು. ಅದರ ಪ್ರತಿಯನ್ನು ಮಾರಾಟಗಾರರಿಂದ ಪಡೆದು ಬಾಡಿ ನಿರ್ಮಾಪಕರಿಗೆ ನೀಡುವುದು ಸೂಕ್ತ.

(ಆ) ತಯಾರಕರು ಅನುಮತಿಸದ ಕಡೆ ಚಾಸಿಸ್ ತೊಲೆಗೆ ವೆಲ್ಡಿಂಗ್ ಮಾಡುವುದಾಗಲಿ, ಅದರ ಮೇಲಂಚು ಮತ್ತು ಕೆಳಂಚುಗಳಲ್ಲಿ ರಂಧ್ರ ಕೊರೆಯುವುದಾಗಲಿ ಕೂಡದು. ಅಂತಹ ಜಾಗದಿಂದಲೇ ಬಿರುಕು ಆರಂಭವಾಗುತ್ತದೆ. ಬ್ರಾಕೆಟ್ ಅಥವಾ ಯು-ಬೋಲ್ಟ್‌ಗಳನ್ನು ಬಳಸಬೇಕು. ಯು-ಬೋಲ್ಟ್ ಬಿಗಿಯುವಲ್ಲಿ ಚಾಸಿಸ್ ತೊಲೆಯ ಅಂಚುಗಳು ಮುದುಡದಂತೆ ಒಳಗೆ ಆಧಾರದ ತುಂಡು ಇಡಬೇಕು. ಬ್ರೇಕ್ ಪೈಪು, ಇಂಧನ ಪೈಪು ಮತ್ತು ವೈರಿಂಗ್ ಅದರಡಿ ಸಿಲುಕದಂತೆ ನೋಡಿಕೊಳ್ಳಬೇಕು.

(ಇ) ಹಳ್ಳಕೊಳ್ಳದ ರಸ್ತೆಯಲ್ಲಿ ಚಾಸಿಸ್ ಸ್ವಲ್ಪ ತಿರುಚಿಕೊಳ್ಳುವುದು ಸಹಜ. ಬಾಡಿಯನ್ನು ಎಲ್ಲೆಡೆ ಬಿಗಿಯಾಗಿ ಕಟ್ಟಿಹಾಕಿದಲ್ಲಿ ಬಾಡಿ ಅಥವಾ ಚಾಸಿಸ್ ಬಿರಿಯುತ್ತದೆ. ಎರಡರ ನಡುವೆ ರಬ್ಬರ್ ಅಥವಾ ಗಟ್ಟಿಮರದ ಪಟ್ಟಿ ಇಟ್ಟು, ಮುಂಭಾಗದ ಜೋಡಣೆಯಲ್ಲಿ ಮಾರ್ಗಸೂಚಿಯಂತೆ ಅಲ್ಪ ಚಲನೆಗೆ ಅವಕಾಶ ನೀಡಬೇಕು.

(ಈ) ವಾಹನದ ಮೇಲೆ ವೆಲ್ಡಿಂಗ್ ಮಾಡುವ ಮುನ್ನ ಬ್ಯಾಟರಿ ಸಂಪರ್ಕ ತೆಗೆಯಬೇಕು. ಇಲ್ಲದಿದ್ದಲ್ಲಿ ಎಂಜಿನ್ನಿನ ಎಲೆಕ್ಟ್ರಾನಿಕ್ ನಿಯಂತ್ರಣ ಘಟಕ ಹಾಳಾಗಬಹುದು.

(ಉ) ಹೊರೆಗೆ ತಕ್ಕಂತೆ ಹಿಂದಿನ ಬ್ರೇಕನ್ನು ನಿಯಂತ್ರಿಸುವ ವಾಲ್ವ್ ಇರುವ ವಾಹನಗಳಲ್ಲಿ ಅದರ ಸನ್ನೆಕೋಲನ್ನು ಬಗ್ಗಿಸುವುದು ಅಥವಾ ಕಟ್ಟಿಹಾಕುವುದು ಅಪಾಯಕಾರಿ.

6. ಉದ್ದ ಮತ್ತು ಹೊರೆಯ ಹಂಚಿಕೆ

ಹಿಂದಿನ ಆಕ್ಸಲ್‌ನಿಂದ ಹಿಂದಕ್ಕೆ ಚಾಚುವ ಭಾಗವು ಚಕ್ರಾಂತರದ, ಅಂದರೆ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವಿನ ದೂರದ, ಶೇಕಡಾ 60ನ್ನು ಮೀರುವಂತಿಲ್ಲವೆಂದು ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989ರ ನಿಯಮ 93 ತಿಳಿಸುತ್ತದೆ. ಚಕ್ರಾಂತರ 2.1 ಮೀಟರ್ ಇರುವ ವಾಹನದಲ್ಲಿ ಇದು 1.26 ಮೀಟರ್. ಇದು ಗರಿಷ್ಠ ಮಿತಿಯೇ ಹೊರತು ಅಲ್ಲಿಯವರೆಗೂ ಬಾಡಿಯನ್ನು ಉದ್ದಮಾಡಬೇಕೆಂಬ ಸಲಹೆಯಲ್ಲ. ತಯಾರಕರು ಇದಕ್ಕಿಂತ ಕಡಿಮೆ ಮಿತಿ ಸೂಚಿಸಿದ್ದಲ್ಲಿ ಅದನ್ನು ಮೀರಬಾರದು.

ಇದೇ ವಾಹನದಲ್ಲಿ 600 ಕಿ.ಗ್ರಾಂ. ಸರಕಿನ ಗುರುತ್ವ ಕೇಂದ್ರವು ಹಿಂದಿನ ಆಕ್ಸಲ್‌ಗಿಂತ 35 ಸೆಂ.ಮೀ. ಮುಂದೆ ಇದ್ದರೆ, 100 ಕಿ.ಗ್ರಾಂ. ಮುಂದಿನ ಚಕ್ರಗಳ ಮೇಲೂ 500 ಕಿ.ಗ್ರಾಂ. ಹಿಂದಿನ ಚಕ್ರಗಳ ಮೇಲೂ ಬೀಳುತ್ತದೆ. ಅದು 35 ಸೆಂ.ಮೀ. ಹಿಂದೆ ಸರಿದರೆ ಹಿಂದಿನ ಚಕ್ರಗಳ ಮೇಲೆ 700 ಕಿ.ಗ್ರಾಂ. ಬಿದ್ದು, ಮುಂದಿನ ಚಕ್ರಗಳಿಂದ 100 ಕಿ.ಗ್ರಾಂ. ಮೇಲೆತ್ತಿದಂತಾಗುತ್ತದೆ. ಆಗ ಒಟ್ಟು ತೂಕ ಮಿತಿಯೊಳಗೇ ಇದ್ದರೂ ಹಿಂದಿನ ಆಕ್ಸಲ್ ಮಿತಿ ಮೀರಬಹುದು. ಸ್ಟೀರಿಂಗ್ ಹಗುರವಾಗಿ ಘಾಟಿ ರಸ್ತೆಯ ತಿರುವುಗಳಲ್ಲಿ ವಾಹನವು ಚಾಲಕನ ಹಿಡಿತ ತಪ್ಪಬಹುದು. ಉದ್ದ ಹೆಚ್ಚಿದಷ್ಟೂ ಸರಕು ಹಿಂದಕ್ಕೆ ಹೋಗುವುದರಿಂದ, ಬಾಡಿಯ ಮಧ್ಯಭಾಗವು ಹಿಂದಿನ ಆಕ್ಸಲ್‌ಗಿಂತ ಮುಂದೆ ಬರುವಂತೆ ವಿನ್ಯಾಸಗೊಳಿಸತಕ್ಕದ್ದು.

ಸರಕು ಬಾಡಿಯ ಪಕ್ಕಗಳಿಂದ ಹೊರಚಾಚುವುದು, ಅಥವಾ ಮುಂದೆ, ಹಿಂದೆ ಇಲ್ಲವೇ ಎತ್ತರದಲ್ಲಿ ಅನುಮತಿಸಿದ ಮಿತಿ ಮೀರುವುದು ಕಲಂ 194ರ ಉಪಕಲಂ (1ಎ) ಅಡಿ ರೂ. 20,000/- ದಂಡಕ್ಕೆ ಗುರಿಯಾಗುವ ಅಪರಾಧ. ಫ್ಲಾಟ್‌ಬೆಡ್ ವಾಹನಗಳಲ್ಲಿ ಹೊರಚಾಚುವ ಪ್ರವೃತ್ತಿ ಹೆಚ್ಚಾಗಿರುವುದರಿಂದ ಇದನ್ನು ವಿಶೇಷವಾಗಿ ಗಮನಿಸಬೇಕು.

7. ಹೊಸ ಚಾಸಿಸ್‌ಗೆ ಬಾಡಿ ಕಟ್ಟಿಸಿ ನೋಂದಣಿ ಮಾಡಿಸುವ ಕ್ರಮ

(1) ಚಾಸಿಸ್ ಖರೀದಿಸಿದ ನಂತರ ಕಲಂ 43ರ ಅಡಿ ತಾತ್ಕಾಲಿಕ ನೋಂದಣಿ ಪಡೆಯಬೇಕು. ಬಾಡಿ ನಿರ್ಮಾಣಕ್ಕಾಗಿ ಚಾಸಿಸ್ ಕಾರ್ಯಾಗಾರದಲ್ಲಿಯೇ ಉಳಿದು ಅವಧಿ ಮೀರುವಂತಿದ್ದಲ್ಲಿ, ನಿಗದಿತ ಶುಲ್ಕ ಪಾವತಿಸಿ ವಿಸ್ತರಣೆ ಕೋರಲು ಅವಕಾಶವಿದೆ. ಅವಧಿ ಮುಗಿಯುವ ಮುನ್ನವೇ ಅರ್ಜಿ ಸಲ್ಲಿಸುವುದು ಕ್ಷೇಮ.

(2) ಬಾಡಿ ನಿರ್ಮಾಪಕರೊಂದಿಗೆ ಅಳತೆ, ಸಾಮಗ್ರಿ ಮತ್ತು ಬಾಡಿಯ ಗರಿಷ್ಠ ತೂಕವನ್ನು ಬರವಣಿಗೆಯಲ್ಲಿ ಒಪ್ಪಿಕೊಳ್ಳಬೇಕು. ಬಾಡಿ ನಿರ್ಮಾಣಕ್ಕೆ ಸಂಬಂಧಿಸಿದ ನಿಯಮ 125-ಸಿ ಹಾಗೂ ಟ್ರಕ್ ಬಾಡಿ ಸಂಹಿತೆ ಎ.ಐ.ಎಸ್.-093 ಸದರಿ ವರ್ಗದ ವಾಹನಕ್ಕೆ ಅನ್ವಯಿಸುವ ಮಟ್ಟಿಗೆ ಪಾಲನೆಯಾಗುವುದನ್ನು ಖಚಿತಪಡಿಸಿಕೊಳ್ಳಬೇಕು.

(3) ಬಾಡಿ ಪೂರ್ಣಗೊಂಡ ನಂತರ ವಾಹನವನ್ನು ವೇ ಬ್ರಿಡ್ಜ್‌ನಲ್ಲಿ ತೂಗಿಸಿ ಚೀಟಿ ಪಡೆಯಬೇಕು. ಒಪ್ಪಂದದ ತೂಕಕ್ಕಿಂತ ಹೆಚ್ಚಿದ್ದಲ್ಲಿ ಅಂತಿಮ ಹಣ ಪಾವತಿಸುವ ಮುನ್ನವೇ ಪ್ರಶ್ನಿಸುವುದು ಸುಲಭ.

(4) ಈ ಕೆಳಕಂಡ ದಾಖಲೆಗಳೊಂದಿಗೆ ಅರ್ಜಿ ಸಲ್ಲಿಸಬೇಕು:

- ನಮೂನೆ 20ರಲ್ಲಿ ನೋಂದಣಿ ಅರ್ಜಿ
- ನಮೂನೆ 21ರಲ್ಲಿ ಮಾರಾಟ ಪ್ರಮಾಣಪತ್ರ
- ನಮೂನೆ 22-ಎ: ಮೊದಲನೇ ಭಾಗ ಚಾಸಿಸ್ ತಯಾರಕರಿಂದ, ಎರಡನೇ ಭಾಗ ಬಾಡಿ ನಿರ್ಮಾಪಕರಿಂದ
- ತಾತ್ಕಾಲಿಕ ನೋಂದಣಿ ಪತ್ರ
- ಚಾಲ್ತಿಯಲ್ಲಿರುವ ವಿಮಾ ಪ್ರಮಾಣಪತ್ರ
- ವಿಳಾಸದ ದಾಖಲೆ
- ಬಾಡಿ ನಿರ್ಮಾಪಕರ ಬಿಲ್ಲು
- ಶುಲ್ಕ ಮತ್ತು ತೆರಿಗೆ ಪಾವತಿಯ ವಿವರ

ನಮೂನೆ 22-ಎ ಎರಡನೇ ಭಾಗವಿಲ್ಲದಿದ್ದಲ್ಲಿ, ಬಾಡಿಯು ಸುರಕ್ಷತಾ ನಿಯಮಗಳಿಗೆ ಅನುಗುಣವಾಗಿದೆ ಎಂಬುದಕ್ಕೆ ಜವಾಬ್ದಾರರೇ ಇಲ್ಲದಂತಾಗುತ್ತದೆ. ಈ ಪ್ರಮಾಣಪತ್ರ ನೀಡಲು ಸಿದ್ಧರಿಲ್ಲದ ಕಾರ್ಯಾಗಾರದಲ್ಲಿ ಬಾಡಿ ಕಟ್ಟಿಸಬಾರದು.

(5) ವಾಹನವನ್ನು ಪರಿಶೀಲನೆಗೆ ಹಾಜರುಪಡಿಸಬೇಕು. ಅಳತೆ, ಖಾಲಿ ತೂಕ, ದೀಪಗಳು, ಹಿಂಭಾಗದ ಕೆಂಪು ಪ್ರತಿಫಲಕಗಳು, ಮಡ್‌ಗಾರ್ಡ್ ಹಾಗೂ ನೋಂದಣಿ ಫಲಕದ ಸ್ಥಾನ ಇವುಗಳನ್ನು ಬಾಡಿಯು ಮರೆಮಾಡದಂತೆ ಮೊದಲೇ ನೋಡಿಕೊಳ್ಳಬೇಕು. ಸರಕು ವಾಹನಕ್ಕೆ ನಮೂನೆ 38ರಲ್ಲಿ ಅರ್ಹತಾ ಪತ್ರ ಅಗತ್ಯ. ಹೊಸ ವಾಹನಕ್ಕೆ ಇದರ ಅವಧಿ ಎರಡು ವರ್ಷ. ನಂತರ ವಾಹನಕ್ಕೆ ಎಂಟು ವರ್ಷವಾಗುವವರೆಗೆ ಎರಡು ವರ್ಷಕ್ಕೊಮ್ಮೆ ಹಾಗೂ ತದನಂತರ ಪ್ರತಿ ವರ್ಷ ನವೀಕರಿಸಬೇಕು.

8. ಈಗಾಗಲೇ ನೋಂದಣಿಯಾದ ವಾಹನಗಳು

ನೋಂದಣಿ ಪತ್ರದ ವಿವರಗಳು ತಯಾರಕರು ಮೂಲತಃ ನಿರ್ದಿಷ್ಟಪಡಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ಕಲಂ 52 ನಿಷೇಧಿಸುತ್ತದೆ. ಈ ಕಲಂನ ದೃಷ್ಟಿಯಲ್ಲಿ ಮಾರ್ಪಾಡು ಎಂದರೆ ವಾಹನದ ಮೂಲ ಲಕ್ಷಣವನ್ನೇ ಬದಲಾಯಿಸುವ ರಚನಾತ್ಮಕ ಬದಲಾವಣೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ತಯಾರಕರ ಮೂಲ ವಿವರಗಳಿಗೆ ವ್ಯತಿರಿಕ್ತವಾದ ಮಾರ್ಪಾಡಿಗೆ ಅವಕಾಶವಿಲ್ಲವೆಂದು ಸ್ಪಷ್ಟಪಡಿಸಿದೆ. ಅನುಮತಿಯಿಲ್ಲದ ಭಾಗಗಳನ್ನು ಅಳವಡಿಸಿ ವಾಹನವನ್ನು ಮಾರ್ಪಡಿಸುವ ಮಾಲೀಕರಿಗೆ ಕಲಂ 182-ಎ ಅಡಿ ಆರು ತಿಂಗಳವರೆಗೆ ಕಾರಾವಾಸ, ಅಥವಾ ಪ್ರತಿ ಮಾರ್ಪಾಡಿಗೆ ರೂ. 5,000/- ದಂಡ, ಅಥವಾ ಎರಡನ್ನೂ ವಿಧಿಸಬಹುದು.

ಆದ್ದರಿಂದ ಸಿದ್ಧ ಬಾಡಿಯೊಂದಿಗೆ ನೋಂದಣಿಯಾದ ವಾಹನದ ಬಾಡಿಯನ್ನು ಕಳಚಿ ಫ್ಲಾಟ್‌ಬೆಡ್ ಹಾಕಿಸಲು ಬಯಸುವವರು, ಕೆಲಸ ಆರಂಭಿಸುವ ಮುನ್ನವೇ ಲಿಖಿತವಾಗಿ ನೋಂದಣಿ ಪ್ರಾಧಿಕಾರವನ್ನು ವಿಚಾರಿಸತಕ್ಕದ್ದು. ಅನುಮತಿ ದೊರೆತು ಮಾರ್ಪಾಡಾದಲ್ಲಿ 14 ದಿನಗಳೊಳಗೆ ವರದಿ ಮಾಡಿ, ನೋಂದಣಿ ಪತ್ರದಲ್ಲಿ ನಮೂದು ಮಾಡಿಸಬೇಕು. ಸಾಲವಿರುವ ವಾಹನವಾದಲ್ಲಿ ಸಾಲ ನೀಡಿದ ಸಂಸ್ಥೆಯ ಲಿಖಿತ ಒಪ್ಪಿಗೆ ಪಡೆಯಬೇಕು. ವಿಮಾ ಸಂಸ್ಥೆಗೂ ತಿಳಿಸಬೇಕು; ದಾಖಲೆಯಲ್ಲಿರುವ ವಾಹನವೇ ಬೇರೆ, ರಸ್ತೆಯಲ್ಲಿರುವ ವಾಹನವೇ ಬೇರೆ ಎಂಬಂತಾದಲ್ಲಿ ಅಪಘಾತದ ನಂತರ ಪರಿಹಾರ ಕೋರುವಾಗ ತೊಡಕಾಗುತ್ತದೆ.

9. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಬಾಡಿ ಗಟ್ಟಿಯಾಗಿದ್ದರೆ ಅಥವಾ ಸ್ಪ್ರಿಂಗ್ ಪಟ್ಟಿ ಹೆಚ್ಚಿಸಿದರೆ ಒಟ್ಟು ವಾಹನ ತೂಕವನ್ನು ಹೆಚ್ಚಿಸಿಕೊಳ್ಳಬಹುದೇ?
ಉತ್ತರ: ಇಲ್ಲ. ಸ್ಪ್ರಿಂಗ್ ಪಟ್ಟಿ ಸೇರಿಸಿದ ಮಾತ್ರಕ್ಕೆ ಬ್ರೇಕ್, ಟೈರು ಮತ್ತು ಆಕ್ಸಲ್‌ಗಳ ಸಾಮರ್ಥ್ಯ ಹೆಚ್ಚುವುದಿಲ್ಲ.

ಪ್ರಶ್ನೆ: ಕೊಳೆತ ಮರದ ಹಾಸನ್ನು ಬದಲಿಸಲು ಅನುಮತಿ ಬೇಕೇ?
ಉತ್ತರ: ಅದೇ ಅಳತೆ ಮತ್ತು ಅದೇ ಬಗೆಯ ಹಾಸನ್ನು ಹಾಕುವುದು ದುರಸ್ತಿಯೇ ಹೊರತು ಮೂಲ ಲಕ್ಷಣದ ಬದಲಾವಣೆಯಲ್ಲ. ಮರದ ಬದಲು ದಪ್ಪ ಉಕ್ಕಿನ ತಗಡು ಹಾಕಿ ಖಾಲಿ ತೂಕ ಬದಲಾಗುವಂತಿದ್ದಲ್ಲಿ ಕಛೇರಿಯನ್ನು ಮುಂಚಿತವಾಗಿ ವಿಚಾರಿಸಬೇಕು.

ಪ್ರಶ್ನೆ: ಕಳಚಿಡಬಹುದಾದ ಪಕ್ಕದ ಕಟಕಟೆಗಳ ತೂಕ ಲೆಕ್ಕಕ್ಕೆ ಬರುತ್ತದೆಯೇ?
ಉತ್ತರ: ಸಾಮಾನ್ಯವಾಗಿ ವಾಹನದೊಂದಿಗೆ ಬಳಸುವ ಸಲಕರಣೆಗಳು ಖಾಲಿ ತೂಕದಲ್ಲಿ ಸೇರುತ್ತವೆ. ಆದ್ದರಿಂದ ಅವುಗಳನ್ನು ಅಳವಡಿಸಿಯೇ ತೂಗಿಸಬೇಕು.

ಪ್ರಶ್ನೆ: ಒಟ್ಟು ವಾಹನ ತೂಕ 3,000 ಕಿ.ಗ್ರಾಂ. ಮೀರದ ಸರಕು ವಾಹನಕ್ಕೆ ಪರವಾನಗಿ ಬೇಕೇ?
ಉತ್ತರ: ಕಲಂ 66ರ ಉಪಕಲಂ (3)ರಂತೆ ಇಂತಹ ವಾಹನಗಳಿಗೆ ಪರ್ಮಿಟ್ ಅಗತ್ಯವಿಲ್ಲ. ನೋಂದಣಿ, ಅರ್ಹತಾ ಪತ್ರ ಮತ್ತು ವಿಮೆ ಕಡ್ಡಾಯ.

ಪ್ರಶ್ನೆ: ಫ್ಲಾಟ್‌ಬೆಡ್ ಮೇಲೆ ಕೂಲಿಕಾರರಿಗಾಗಿ ಬೆಂಚು ಜೋಡಿಸಬಹುದೇ?
ಉತ್ತರ: ಜೋಡಿಸತಕ್ಕದ್ದಲ್ಲ. ಈ ಬಾಡಿ ಸರಕಿಗಾಗಿ ಮಾತ್ರ ನಿರ್ಮಿಸಿದ್ದು, ಪಕ್ಕದಲ್ಲಿ ಯಾವ ತಡೆಯೂ ಇರುವುದಿಲ್ಲ. ತಿರುವಿನಲ್ಲಿ ಜಾರಿದ ವ್ಯಕ್ತಿ ನೇರವಾಗಿ ರಸ್ತೆಗೆ ಬೀಳುತ್ತಾನೆ.

10. ಸೂಚನೆ

ಬಾಡಿಯ ನಕ್ಷೆ ಹಾಗೂ ಅಂದಾಜು ತೂಕದ ಪಟ್ಟಿಯೊಂದಿಗೆ ಸಂಬಂಧಪಟ್ಟ ಪ್ರಾದೇಶಿಕ ಸಾರಿಗೆ ಕಛೇರಿಯನ್ನು ಕೆಲಸ ಆರಂಭಿಸುವ ಮುನ್ನವೇ ಸಂಪರ್ಕಿಸುವುದು ಸೂಕ್ತ. ನಕ್ಷೆಯಲ್ಲಿ ಗೆರೆಯೊಂದನ್ನು ಅಳಿಸುವುದು ಸುಲಭ. ಕಟ್ಟಿದ ಬಾಡಿಯನ್ನು ಕತ್ತರಿಸುವುದು ದುಬಾರಿ. ಶುಲ್ಕ ಮತ್ತು ತೆರಿಗೆಯ ದರಗಳು ಕಾಲಕಾಲಕ್ಕೆ ಪರಿಷ್ಕರಣೆಗೊಳ್ಳುವುದರಿಂದ, ಅರ್ಜಿ ಸಲ್ಲಿಸುವ ದಿನದಂದು ಜಾರಿಯಲ್ಲಿರುವ ದರಗಳನ್ನೇ ಪರಿಗಣಿಸತಕ್ಕದ್ದು.